ಕತ್ತರಿಯಣ್ಣನ ಎಡಗಾಲಿಗೆ ಬೀಗ ಹಾಕಿಕೊಂಡು ಕೂತ ಲಾಗಿನ್ ಪುಟದವರಿಗೆ

ಮಾನ್ಯ ಲಾಗಿನ್ ಪುಟದವರೇ,

ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಯಾವ ಖಂಡದ ಯಾವ ತಣ್ಣನೆಯ ಕೋಣೆಯಲ್ಲಿ ವಾಸವಾಗಿದ್ದೀರೋ ನಾನರಿಯೆ; ಎಲ್ಲಿದ್ದರೂ ಕ್ಷೇಮವಾಗಿಯೇ ಇದ್ದೀರೆಂದು ನಂಬಿದ್ದೇನೆ, ಏಕೆಂದರೆ ಹದಿನೇಳು ದಿನ ನಾನು ತಮ್ಮ ಬಾಗಿಲು ಬಡಿದರೂ ತಮ್ಮ ಮುಖದ ತಿಳಿನೀಲಿ ಪ್ರಸನ್ನತೆ ಎಳ್ಳಷ್ಟೂ ಮಾಸಲಿಲ್ಲ. ‘ಮತ್ತೆ ಸ್ವಾಗತ!’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡು, ಬಂದವನನ್ನು ಹೊಸ್ತಿಲಾಚೆಯೇ ನಿಲ್ಲಿಸುವ ಸೌಜನ್ಯವನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಪರಿಚಯ ಹೇಳಿಕೊಳ್ಳಬೇಕು. ನಾನು ಕೃತಕ ಕಾಲು ಮಾಡುವವನು. ಟೈರು ಅಂಗಡಿಯ ಹಿಂದೆ ಎರಡು ಕೋಣೆಯ ಕಾರ್ಯಾಗಾರ ನನ್ನದು: ಮುಂದಿನ ಕೋಣೆಯಲ್ಲಿ ಹಿಡಿದು ನಡೆಯಲು ಎರಡು ಸರಳು, ಎದುರಿಗೆ ನಿಲುವುಗನ್ನಡಿ, ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ಚೀಲಗಳು, ಒಂದು ಒಲೆ, ಉಜ್ಜುವ ಯಂತ್ರ ಮತ್ತು ಗೋಡೆಗೆ ಒರಗಿ ನಿಂತ ಮೂವತ್ತೆರಡು ಕಾಲುಗಳು. ಇಪ್ಪತ್ತಾರು ವರ್ಷಗಳಿಂದ ಜನರ ಕಾಲು ಹಿಡಿದೇ ಹೊಟ್ಟೆ ಹೊರೆದವನಾದ್ದರಿಂದ ತಮ್ಮ ಕಾಲು ಹಿಡಿಯಲು ನನಗೆ ಸಂಕೋಚವಿಲ್ಲ. ತಮಗೆ ಕಾಲೇ ಇಲ್ಲವೆಂಬುದು ತೊಡಕಾದರೆ, ಅಳತೆ ಕಳಿಸಿಕೊಡಿ.

ನನ್ನ ಹಳೆಯ ಕಂಪ್ಯೂಟರು ಒಂದು ಮಂಗಳವಾರ ಬೆಳಿಗ್ಗೆ ಕೆಮ್ಮಿದಂತೆ ಸದ್ದು ಮಾಡಿ ಪ್ರಾಣ ಬಿಟ್ಟಿತು. ರಿಪೇರಿಯವನು ಅದರ ಹೊಟ್ಟೆ ಬಿಚ್ಚಿ ಒಂದು ಬೊಗಸೆ ಪ್ಲಾಸ್ಟರ್ ಧೂಳು ಹೊರತೆಗೆದು, ‘ಈ ಧೂಳಲ್ಲೇ ಇದಕ್ಕೆ ನೀವೇ ಒಂದು ಮೂರ್ತಿ ಮಾಡಿ ಇಟ್ಕೊಳ್ಳಿ’ ಎಂದು ಹೇಳಿ ಹೋದ. ಅದರಲ್ಲಿದ್ದದ್ದು ಮುನ್ನೂರ ಹನ್ನೆರಡು ಜನರ ಕಾಲಿನ ಕಡತಗಳು: ಯಾರಿಗೆ ಎಲ್ಲಿ ಒತ್ತುತ್ತದೆ, ಯಾರ ಚರ್ಮ ಬೇಸಿಗೆಯಲ್ಲಿ ಊದಿಕೊಳ್ಳುತ್ತದೆ, ಯಾರಿಗೆ ಹಿಮ್ಮಡಿ ಎಷ್ಟು ಎತ್ತರ ಬೇಕು. ಒಂದು ಕಾಲನ್ನು ಅಳೆಯಲು ಒಂದು ಗಂಟೆ ಸಾಕು. ಅದನ್ನು ಅರಿಯಲು ಹತ್ತು ವರ್ಷ ಬೇಕು.

ಆದರೆ ನಾನು ಎದೆಗುಂದಲಿಲ್ಲ. ಆ ಕಡತಗಳ ನಕಲು ಪ್ರತಿದಿನ ಸಂಜೆ ಆರಕ್ಕೆ ತಾನಾಗಿ ತಮ್ಮ ಉಗ್ರಾಣಕ್ಕೆ ಹೋಗಿ ಸೇರುವ ಏರ್ಪಾಡೊಂದಿತ್ತು. ಅದಕ್ಕೆ ಬ್ಯಾಕಪ್ ಎನ್ನುತ್ತಾರೆಂದೂ, ಅದನ್ನು ಮಾಡಿಸಿಟ್ಟವಳು ನನ್ನ ಅಕ್ಕನೆಂದೂ ಇಲ್ಲಿ ಹೇಳಬೇಕು. ಹದಿನೆಂಟು ವರ್ಷ ಅವಳು ಆ ಸರಳುಗಳ ಪಕ್ಕ ಮಣೆ ಹಾಕಿಕೊಂಡು ಕೂತು, ಬಂದವರು ನಡೆಯುವುದನ್ನು ನೋಡುತ್ತ, ಅವರ ಮಾತು ಕೇಳುತ್ತ, ಎಲ್ಲವನ್ನೂ ಟೈಪು ಮಾಡಿಟ್ಟವಳು. ನಾಲ್ಕು ವರ್ಷದ ಹಿಂದೆ, ಕಾಲಿನ ಅಳತೆಯನ್ನು ಬೆಳಕಿನಿಂದ ತೆಗೆಯುವ ಯಂತ್ರವೊಂದು ಬಂದಿದೆ, ನಾವೂ ತರಿಸೋಣ ಎಂದಳು. ಪ್ಲಾಸ್ಟರು ಮತ್ತು ನನ್ನ ಹತ್ತು ಬೆರಳು ಇರುವಾಗ ಬೆಳಕಿಗೇನು ಕೆಲಸವೆಂದೆ ನಾನು. ಮಾತಿಗೆ ಮಾತು ಬೆಳೆದು, ‘ನೀನು ಟೈಪು ಮಾಡೋಳು ಅಕ್ಕ. ಕಾಲು ಮುಟ್ಟಿ ಗೊತ್ತಾ ನಿನಗೆ?’ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಎದ್ದು ಮೇಜು ಒರೆಸಿದಳು, ಬ್ಯಾಕಪ್ಪಿನ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲ ಒಳಗೆ ಅಂಟಿಸಿದಳು, ದೂರದ ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೊರಟುಹೋದಳು. ಆಮೇಲೆ ನಾವು ಮಾತಾಡಿರಲಿಲ್ಲ.

ಕಂಪ್ಯೂಟರು ಸತ್ತ ಮಾರನೆಯ ದಿನವೇ ನಮ್ಮ ಬೀದಿಯ ಕ್ಷೌರಿಕರ ಕಾಲು ಬಿರುಕು ಬಿಟ್ಟಿತು. ಇವರನ್ನು ಎಲ್ಲರೂ ಕತ್ತರಿಯಣ್ಣ ಎನ್ನುತ್ತಾರೆ. ಎಡಗಾಲು ಮಂಡಿಯ ಕೆಳಗೆ ಇಲ್ಲ. ಉಳಿದ ಕಾಲು ಕೂರುವ ಬಟ್ಟಲಿನಿಂದ ಹಿಡಿದು ಪಾದದವರೆಗೂ ನಾನು ಮಾಡಿದ್ದು. ಏಳು ಮೆಟ್ಟಿಲು ಇಳಿದು ಹೋಗಬೇಕಾದ ನೆಲಮಾಳಿಗೆಯ ಅಂಗಡಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು ಕೆಲಸ ಮಾಡುವವರು ಅವರು. ಬಟ್ಟಲು ಸೀಳಿದ ಮೇಲೆ ಸ್ಟೂಲಿನ ಮೇಲೆ ಕೂತು ಕತ್ತರಿಸತೊಡಗಿದರು. ಪರಿಣಾಮವಾಗಿ ಒಂದೇ ವಾರದಲ್ಲಿ ಬೀದಿಯ ಅರ್ಧ ಗಂಡಸರ ತಲೆಗಳು ಗುಡ್ಡದ ಇಳಿಜಾರಿನಂತೆ ಬಲಕ್ಕೆ ವಾಲಿದವು. ಗಿರಾಕಿಗಳು ಒಬ್ಬೊಬ್ಬರಾಗಿ ಮುಂದಿನ ಬೀದಿಯ ಅಂಗಡಿಗೆ ದಾರಿ ಕಂಡುಕೊಂಡರು.

ಹೀಗಾಗಿ ನಾನು ಹೊಸ ಕಂಪ್ಯೂಟರು ತಂದು, ತಮ್ಮ ತಂತ್ರಾಂಶವನ್ನು ಅದರೊಳಗಿಳಿಸಿ, ಕೈಮುಗಿದು ತಮ್ಮೆದುರು ನಿಂತೆ. ತಾವು ‘ಸಂಪರ್ಕ ಸಾಧ್ಯವಾಗುತ್ತಿಲ್ಲ. ದಯವಿಟ್ಟು ತಮ್ಮ ಸಂಪರ್ಕವನ್ನು ಪರಿಶೀಲಿಸಿ’ ಎಂದಿರಿ. ನನ್ನ ಸಂಪರ್ಕ ಚೆನ್ನಾಗಿಯೇ ಇತ್ತು; ಅದೇ ಕಂಪ್ಯೂಟರಿನಲ್ಲಿ ಪಕ್ಕದ ಟೈರು ಅಂಗಡಿಯವರು ಆನೆಯ ಸ್ನಾನದ ವೀಡಿಯೊ ನೋಡಿ ಹೋಗಿದ್ದರು. ಆದರೂ ಹಿರಿಯರ ಮಾತು ಮೀರಬಾರದೆಂದು ತಮ್ಮ ಸಹಾಯ ಪುಟದ ಅಪ್ಪಣೆಗಳನ್ನೆಲ್ಲ ಶಿರಸಾವಹಿಸಿದೆ. ರೂಟರನ್ನು ಆರಿಸಿ ಮೂವತ್ತು ಎಣಿಸಿ ಹಚ್ಚಿದೆ. ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಫೈರ್‌ವಾಲ್ ಎಂಬ ಕಾವಲುಗಾರನಿಗೆ ತಮ್ಮನ್ನು ಒಳಗೆ ಬಿಡುವಂತೆ ಹೇಳಿದೆ. ತಂತ್ರಾಂಶವನ್ನು ತೆಗೆದು ಹಾಕಿ, ಹಾಕಿ ತೆಗೆದು, ಕೊನೆಗೆ ಒಳಗಿದೆಯೋ ಹೊರಗಿದೆಯೋ ನನಗೇ ತಿಳಿಯದಂತಾಯಿತು. ನಾಲ್ಕು ದಿನ ಗಾಳಿ ಗುದ್ದಿ ಮೈ ನೋಯಿಸಿಕೊಂಡೆ.

ಐದನೆಯ ದಿನ ಸೋಮವಾರ. ಕತ್ತರಿಯಣ್ಣ ಊರುಗೋಲಿನಲ್ಲಿ ಬಂದು ನನ್ನ ಬೆನ್ನ ಹಿಂದೆ ಕೂತು ಪರದೆಯನ್ನೇ ನೋಡುತ್ತಿದ್ದರು. ‘ಸಾರ್, ನಿಮ್ಮ ಪೆಟ್ಟಿಗೆ ಇವತ್ತು ಗುರುವಾರ ಅಂತಿದೆ’ ಎಂದರು. ‘ಗುರುವಾರ ಅಂಗಡೀಲಿ ರಶ್ ಇರುತ್ತೆ, ನಾನಿಲ್ಲಿ ಬಂದು ಕೂತಿರ್ತಿದ್ನಾ?’ ನೋಡಿದರೆ ನಿಜ. ಹೊಸ ಕಂಪ್ಯೂಟರಿನ ಗಡಿಯಾರ ವಾರವನ್ನಷ್ಟೇ ಅಲ್ಲ, ವರ್ಷವನ್ನೂ ತಪ್ಪಿಸಿಕೊಂಡು ಎರಡು ವರ್ಷ ಹಿಂದೆ ಉಳಿದಿತ್ತು. ಹಳೆಯ ಕಾಲದಿಂದ ಬಂದವರೊಡನೆ ತಾವು ಮಾತಾಡುವುದಿಲ್ಲವಂತೆ. ದಿನಾಂಕ ಸರಿಪಡಿಸಿದ ಕ್ಷಣವೇ ತಾವು ಕಣ್ಣು ಬಿಟ್ಟಿರಿ. ‘ತಮ್ಮ ಗಡಿಯಾರ ತಪ್ಪಿದೆ’ ಎಂಬ ಮೂರು ಪದಗಳನ್ನು ಹೇಳದೆ, ನಾಲ್ಕು ದಿನ ‘ಪರಿಶೀಲಿಸಿ’ ಎಂದಷ್ಟೇ ನುಡಿದ ತಮ್ಮ ಸಂಯಮ ಋಷಿಗಳಿಗೂ ಸಿದ್ಧಿಸದು.

ಈಗ ಪಾಸ್‌ವರ್ಡು. ಕಪಾಟಿನ ಚೀಟಿಯಲ್ಲಿ ಅಕ್ಕ ಬರೆದ ಐದನೆಯ ಅಕ್ಷರ ಉರುಟಾಗಿತ್ತು. ಸೊನ್ನೆಯೋ ಇಂಗ್ಲಿಷಿನ ‘ಓ’ಯೋ ದೇವರೇ ಬಲ್ಲ. ಎರಡೂ ಹಾಕಿದೆ, ದೊಡ್ಡದು ಹಾಕಿದೆ, ಚಿಕ್ಕದು ಹಾಕಿದೆ. ಐದನೆಯ ಸಲಕ್ಕೆ ತಾವು, ನನ್ನದೇ ಭದ್ರತೆಗಾಗಿ, ನನ್ನನ್ನೇ ಇಪ್ಪತ್ತನಾಲ್ಕು ಗಂಟೆ ಹೊರಗಿಟ್ಟಿರಿ. ಮರುದಿನ ಬಂದಾಗ ನಾನು ಮನುಷ್ಯನೇ ಎಂಬುದನ್ನು ಸಾಬೀತುಪಡಿಸಲು ಹೇಳಿದಿರಿ: ಒಂಬತ್ತು ಚಿತ್ರಗಳಲ್ಲಿ ಮೆಟ್ಟಿಲುಗಳಿರುವುದನ್ನು ಆರಿಸಬೇಕು. ಮಾನ್ಯರೇ, ಮೆಟ್ಟಿಲೆಂದರೆ ನನ್ನ ಕಸುಬು. ಪ್ರತಿ ಮೆಟ್ಟಿಲಿನ ಎತ್ತರವನ್ನು ಕಣ್ಣಳತೆಯಲ್ಲಿ ಹೇಳಬಲ್ಲೆ. ಒಂದು ಚಿತ್ರದಲ್ಲಿ ಬರೀ ಹಿಡಿಗಂಬಿ ಕಾಣುತ್ತಿತ್ತು. ನನ್ನ ಗಿರಾಕಿಗಳಿಗೆ ಹಿಡಿಗಂಬಿ ಇಲ್ಲದ ಮೆಟ್ಟಿಲು ಮೆಟ್ಟಿಲೇ ಅಲ್ಲವಾದ್ದರಿಂದ ನಾನದನ್ನು ಸೇರಿಸಿದೆ. ತಾವು ಒಪ್ಪಲಿಲ್ಲ. ನನ್ನ ಮನುಷ್ಯತ್ವದ ಬಗ್ಗೆ ನನ್ನ ಹೆಂಡತಿಗೆ ಆಗಾಗ ಬರುವ ಅನುಮಾನಕ್ಕೆ ಹೀಗೆ ತಮ್ಮ ಅಧಿಕೃತ ಮುದ್ರೆಯೂ ಬಿತ್ತು.

ತಮ್ಮ ಮೂಲೆಯಲ್ಲಿ ಸದಾ ಮುಗುಳ್ನಗುವ ಯಾಂತ್ರಿಕ ಸಹಾಯಕಿಯನ್ನೂ ಕೇಳಿಕೊಂಡೆ. ಒಬ್ಬರು ಕಾಲಿಲ್ಲದೆ ಕೂತಿದ್ದಾರೆ, ಅವರ ಕಾಲು ತಮ್ಮಲ್ಲಿದೆ ಎಂದು ವಿವರವಾಗಿ ಬರೆದೆ. ‘ತಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಕಾಲು ನೋವಿಗೆ ಸಂಬಂಧಿಸಿದ ಲೇಖನಗಳು ಸಿಗಲಿಲ್ಲ’ ಎಂದು ಉತ್ತರ ಬಂತು. ಬಿಡದೆ ಕಾಡಿದಾಗ ಒಂದು ದಾರಿ ತೋರಿಸಿದಳು: ಖಾತೆಯಲ್ಲಿ ನಮೂದಾದ ಫೋನಿಗೆ ಆರು ಅಂಕಿಯ ಸಂಕೇತವೊಂದು ಹೋಗುತ್ತದೆ, ಅದನ್ನು ಹಾಕಿದರೆ ಹೊಸ ಪಾಸ್‌ವರ್ಡು ಸಿಗುತ್ತದೆ. ನಂಬರಿನ ಕೊನೆಯ ಎರಡಂಕಿ ಮಾತ್ರ ತೋರಿಸಿದಿರಿ. ಅಷ್ಟೇ ಸಾಕಾಗಿತ್ತು. ಅದು ಅಕ್ಕನ ಫೋನು.

ಇಲ್ಲಿಂದ ಮುಂದಿನ ವಿಳಂಬಕ್ಕೆ ತಾವು ಕಾರಣರಲ್ಲವೆಂದು ಒಪ್ಪಿಕೊಳ್ಳುತ್ತೇನೆ; ಪತ್ರದುದ್ದಕ್ಕೂ ತಮಗೆ ಸಲ್ಲುವ ಏಕೈಕ ಖುಲಾಸೆ ಇದು. ಅವಳಿಗೆ ಫೋನು ಮಾಡುವುದಕ್ಕಿಂತ ಹೊಸದಾಗಿ ಕಾಲು ಮಾಡುವುದೇ ಸುಲಭವೆನಿಸಿತು. ಕಡತವಿಲ್ಲದಿದ್ದರೇನು, ನನ್ನ ಹತ್ತು ಬೆರಳಿಲ್ಲವೇ? ಪ್ಲಾಸ್ಟರು ಸುತ್ತಿ, ಅಚ್ಚು ತೆಗೆದು, ನಾಲ್ಕು ದಿನದಲ್ಲಿ ಹೊಸ ಬಟ್ಟಲು ಮಾಡಿ ತೊಡಿಸಿದೆ. ಕತ್ತರಿಯಣ್ಣ ಸರಳುಗಳ ನಡುವೆ ನಡೆದು ನೋಡಿದರು. ಎಲ್ಲಾದರೂ ನೋಯುತ್ತದೆಯೇ ಎಂದು ಕೇಳಿದರೆ, ‘ನೋವು ಬಲಗಾಲಿಗೆ ಸಾರ್, ಹೊಟ್ಟೆಕಿಚ್ಚು. ತಮ್ಮನಿಗೆ ಮಾತ್ರ ಹೊಸದು ಬಂತಲ್ಲ ಅಂತ’ ಎಂದರು. ಸರಿಯಾಗಿ ಕೂತಿದೆಯೇ ಎಂದರೆ, ‘ಕಾಲು ಎಷ್ಟು ಚುರುಕಾಗಿದೆ ಅಂದ್ರೆ, ನನಗಿಂತ ಮುಂಚೆ ಮನೆ ಸೇರುತ್ತೆ, ಹೆಂಡತಿ ಹತ್ರ ಚಾಡಿ ಹೇಳುತ್ತೆ’ ಎಂದರು. ಮಾತುಮಾತಿಗೂ ನಗಿಸಿದರು. ನನ್ನ ಬೆರಳುಗಳ ಬಗ್ಗೆ ನನಗೆ ಎಂದಿಲ್ಲದ ಹೆಮ್ಮೆಯೆನಿಸಿತು. ಎರಡು ದಿನದ ಮೇಲೆ ಅವರ ಹೆಂಡತಿ ಬಂದು ಚೀಲದಿಂದ ಅವರ ಕಾಲುಚೀಲವನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಅಂಗೈಯಗಲ ರಕ್ತದ ಕಲೆಯಿತ್ತು.

ಆಕೆ ಹೋದ ಮೇಲೆ ನಾನು ಫೋನೆತ್ತಿಕೊಂಡೆ. ಮಧ್ಯಾಹ್ನದ ಊಟದ ಬಿಡುವಿನ ಹೊತ್ತು. ಒಂದು ಕೈಯಲ್ಲಿ ತಮ್ಮ ‘ಸಂಕೇತ ಕಳುಹಿಸಿ’ ಎಂಬ ಗುಂಡಿ ಒತ್ತಿದೆ, ಇನ್ನೊಂದು ಕೈಯಲ್ಲಿ ಅವಳಿಗೆ ಕರೆ ಮಾಡಿದೆ. ತಮ್ಮ ಪರದೆಯ ಮೇಲೆ ಅರವತ್ತರಿಂದ ಇಳಿಯುವ ಸೆಕೆಂಡುಗಳು ಓಡತೊಡಗಿದವು. ಅಕ್ಕನೊಡನೆ ನಾಲ್ಕು ವರ್ಷದ ಮಾತನ್ನು ಮುಗಿಸಲು ತಾವು ದಯಪಾಲಿಸಿದ್ದು ಒಂದು ನಿಮಿಷ.

‘ಅಕ್ಕ, ನಾನು. ನಿನ್ನ ಫೋನಿಗೆ ಒಂದು ನಂಬರ್ ಬಂದಿದೆ, ಬೇಗ ಹೇಳು’ ಎಂದೆ.

‘ನಾಲ್ಕು ವರ್ಷ ಆದ್ಮೇಲೆ ಫೋನ್ ಮಾಡಿ, ನಂಬರ್ ಹೇಳು ಅಂತೀಯಾ? ನಾನು ಹೇಗಿದೀನಿ ಅಂತ ಕೇಳಲ್ವೇನೋ?’

‘ಹೇಗಿದೀಯಾ? ಬೇಗ ಹೇಳು.’

ಅವಳು ಹೇಗಿದ್ದಾಳೆಂದು ಹೇಳತೊಡಗಿದಳು, ತಾವು ‘ಅವಧಿ ಮುಗಿದಿದೆ’ ಎಂದಿರಿ. ಎರಡನೆಯ ಸಂಕೇತ ತರಿಸಿದೆ. ‘ನನಗೆ ಆಪರೇಷನ್ ಆದಾಗ ಬರಲಿಲ್ಲ ನೀನು’ ಎಂದಳು. ನನಗೆ ಗೊತ್ತೇ ಇರಲಿಲ್ಲ ಎಂದೆ. ಭಾವ ಕಾರ್ಯಾಗಾರದ ಈಮೇಲಿಗೆ ಬರೆದಿದ್ದರಂತೆ. ಆ ಈಮೇಲನ್ನು ಅವಳು ಹೋದ ಮೇಲೆ ಯಾರೂ ತೆರೆದಿರಲಿಲ್ಲ. ‘ಎಂಥ ಆಪರೇಷನ್?’ ಎನ್ನುವಷ್ಟರಲ್ಲಿ ಅದರ ಅವಧಿಯೂ ಮುಗಿಯಿತು. ಮೂರನೆಯ ಸಂಕೇತದ ಅರವತ್ತು ಸೆಕೆಂಡೂ ಆ ಕಡೆಯಿಂದ ಅವಳ ಉಸಿರು, ಯಾವುದೋ ಗಾಲಿಕುರ್ಚಿಯ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ತಮ್ಮಲ್ಲಿ ಒಂದೇ ಗಂಟೆಗೆ ನಾಲ್ಕಕ್ಕಿಂತ ಹೆಚ್ಚು ಸಂಕೇತ ಕೊಡುವ ಪದ್ಧತಿಯಿಲ್ಲವೆಂಬ ಎಚ್ಚರಿಕೆ ಕೆಂಪಕ್ಷರದಲ್ಲಿ ಮೂಡಿತು.

ನಾಲ್ಕನೆಯದು ಹೊರಟಿತು. ನಲವತ್ತು. ಮೂವತ್ತು.

‘ಅಕ್ಕ, ಅವತ್ತು ನಾನು ಹಾಗೆ ಅನ್ನಬಾರದಿತ್ತು.’

ಇಪ್ಪತ್ತಾರು. ಇಪ್ಪತ್ತೈದು.

‘ಬರ್ಕೋ’ ಎಂದಳು. ‘ಏಳು. ಸೊನ್ನೆ. ಮೂರು. ಮೂರು. ಒಂಬತ್ತು. ಎರಡು. ಬರ್ಕೊಂಡ್ಯಾ? ಮತ್ತೆ ಆ ಪಾಸ್‌ವರ್ಡಿನಲ್ಲಿ ಇದ್ದದ್ದು ಸೊನ್ನೆ ಕಣೋ, ಓ ಅಲ್ಲ. ಕ್ಯಾಪ್ಸ್ ಲಾಕ್ ಹಾಕ್ಕೊಂಡು ಹೊಡೀತಾ ಇದ್ದಿರಬೇಕು ನೀನು.’

ಹಾಗೆಯೇ ಹೊಡೆದಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ. ಹನ್ನೊಂದು ಸೆಕೆಂಡು ಬಾಕಿ ಇರುವಾಗ ತಾವು ಬಾಗಿಲು ತೆರೆದಿರಿ. ಆಮೇಲೆ ಫೋನಿಟ್ಟಾಗ ಎರಡು ಗಂಟೆ ಕಳೆದಿತ್ತು. ಆಪರೇಷನ್ ಪಿತ್ತಕೋಶದ್ದೆಂದೂ, ಆ ಬೆಳಕಿನ ಯಂತ್ರ ತಿಂಗಳಿಗೆರಡು ಸಲ ಕೆಡುತ್ತದೆಂದೂ, ಆಗ ಅವಳೇ ಪ್ಲಾಸ್ಟರು ಕಲಸುತ್ತಾಳೆಂದೂ ತಿಳಿಯಿತು.

ಈ ಅನುಭವದ ಮೇಲೆ ತಮ್ಮಲ್ಲಿ ಸಣ್ಣದೊಂದು ವಿನಂತಿ. ಸಂಕೇತದ ಅವಧಿಯನ್ನು ಸಂಬಂಧಕ್ಕೆ ತಕ್ಕಂತೆ ನಿಗದಿ ಮಾಡುವ ಕೃಪೆಯಾಗಲಿ: ಒಡಹುಟ್ಟಿದವರಿಗೆ ಹತ್ತು ನಿಮಿಷ, ಗಂಡಹೆಂಡಿರಿಗೆ ಅರ್ಧ ದಿನ, ಭಾವಮೈದುನರಿಗೆ ಬೇಕಾದರೆ ಈಗಿನ ಅರವತ್ತು ಸೆಕೆಂಡೇ ಇರಲಿ. ಅಳುವುದಕ್ಕೆಂದು ಗಡಿಯಾರವನ್ನು ತಡೆದು ನಿಲ್ಲಿಸುವ ಗುಂಡಿಯೊಂದಿದ್ದರೆ ಇನ್ನೂ ಒಳ್ಳೆಯದು.

ಕಡತಗಳೆಲ್ಲ ಒಂದೂ ಕೆಡದೆ ಬಂದವು. ತಾವು ಕೊಡುವುದರಲ್ಲಿ ಜಿಪುಣರಾದರೂ ಕಾಯುವುದರಲ್ಲಿ ಪ್ರಾಮಾಣಿಕರು. ಕತ್ತರಿಯಣ್ಣನ ಕಡತ ತೆರೆದೆ. ಹೊರಬದಿಯ ಎಲುಬಿನ ತಲೆಯ ಹತ್ತಿರ ನಾಲ್ಕು ಮಿಲಿಮೀಟರ್ ಸಡಿಲ ಬಿಡಬೇಕೆಂದಿತ್ತು. ನಾನು ಎರಡು ಬಿಟ್ಟಿದ್ದೆ. ಬಟ್ಟಲಿನ ಹಿಂಬದಿಯ ಅಂಚನ್ನು ಇಳಿಸಬೇಕೆಂದಿತ್ತು, ನಾನು ಇಳಿಸಿರಲಿಲ್ಲ. ಕೆಳಗೆ, ಏಳು ವರ್ಷದ ಹಿಂದಿನ ತಾರೀಖಿನಲ್ಲಿ, ಅಕ್ಕ ಇಷ್ಟು ಬರೆದಿದ್ದಳು: ‘ಕೇಳಿದರೆ ನೋವಿಲ್ಲ ಅನ್ನುತ್ತಾರೆ. ನಂಬಬಾರದು. ನೋವು ಹೆಚ್ಚಾದಷ್ಟೂ ಜೋಕು ಹೆಚ್ಚು. ಸರಿಯಾಗಿ ಕೂತ ದಿನ ಬಾಯೇ ಬಿಡುವುದಿಲ್ಲ.’

ಮಾನ್ಯರೇ, ಈ ನಾಲ್ಕು ಸಾಲನ್ನು ನಾನು ಎಷ್ಟು ಹೊತ್ತು ನೋಡುತ್ತ ಕೂತಿದ್ದೆನೆಂದರೆ, ನಾನು ಅಲುಗಾಡದ್ದನ್ನು ಕಂಡು ತಾವು ‘ಇನ್ನೂ ಇದ್ದೀರಾ?’ ಎಂದು ಕೇಳಿದಿರಿ. ಕಾಲು ಮುಟ್ಟಿ ಗೊತ್ತಾ ಎಂದು ನಾನು ಕೇಳಿದ್ದೆ. ಇಪ್ಪತ್ತಾರು ವರ್ಷ ಮುಟ್ಟಿದ ನಾನು ಆ ನಗೆಗೆ ನಕ್ಕಿದ್ದೆ. ಮುಟ್ಟದೆ ಮಣೆಯ ಮೇಲೆ ಕೂತವಳಿಗೆ ಅದು ಎಲ್ಲಿ ಒತ್ತುತ್ತಿದೆಯೆಂದು ಗೊತ್ತಿತ್ತು.

ಆ ವಾರವೇ ಬಟ್ಟಲನ್ನು ಹೊಸದಾಗಿ ಮಾಡಿದೆ. ಗಾಯ ಮಾಯುವವರೆಗೆ ಕಾದು ತೊಡಿಸಿದೆ. ಕತ್ತರಿಯಣ್ಣ ಸರಳುಗಳ ನಡುವೆ ಮೂರು ಸುತ್ತು ನಡೆದರು. ನಾಲ್ಕನೆಯ ಸುತ್ತಿಗೆ ಸರಳು ಹಿಡಿಯಲಿಲ್ಲ. ನೋವಿದೆಯೇ ಎಂದು ನಾನು ಕೇಳಲಿಲ್ಲ. ಅವರ ಜೊತೆ ಅಂಗಡಿಗೆ ಹೋದೆ, ಏಳು ಮೆಟ್ಟಿಲು ಇಳಿಯುವುದನ್ನು ಹಿಂದಿನಿಂದ ನೋಡಿದೆ, ಇಳಿಜಾರಾದ ನನ್ನ ತಲೆಯನ್ನು ಅವರ ಕೈಗೊಪ್ಪಿಸಿ ಕುರ್ಚಿಯಲ್ಲಿ ಕೂತೆ. ಇಪ್ಪತ್ತು ನಿಮಿಷ ಅವರು ನಿಂತೇ ಕತ್ತರಿ ಆಡಿಸಿದರು. ಒಂದು ಮಾತಿಲ್ಲ, ಒಂದು ನಗೆಯಿಲ್ಲ. ಅಷ್ಟು ಬೇಸರದ ಕ್ಷೌರವನ್ನು ನಾನು ಜೀವಮಾನದಲ್ಲಿ ಮಾಡಿಸಿಕೊಂಡಿರಲಿಲ್ಲ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು; ಕೂದಲು ಬಿತ್ತೆಂದು ಹೇಳಿ ಒರೆಸಿಕೊಂಡೆ.

ಆದ್ದರಿಂದ, ದೂರಿನ ಪತ್ರವೆಂದು ಆರಂಭಿಸಿದ ಇದು ಎಲ್ಲೋ ದಾರಿ ತಪ್ಪಿ ಅಭಿನಂದನಾ ಪತ್ರವಾಗುವ ಅಪಾಯವಿರುವುದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ. ಹಾಗೆಂದು ತಾವು ಬೀಗಬೇಡಿ. ಬಿದ್ದವನಿಗೆ ಆಕಾಶ ಕಂಡರೆ ಅದು ಹಳ್ಳ ತೋಡಿದವನ ಪುಣ್ಯವಲ್ಲ. ‘ತಮ್ಮ ಫೋನ್ ನಂಬರನ್ನು ನವೀಕರಿಸಿ’ ಎಂದು ತಾವು ದಿನವೂ ನೆನಪಿಸುತ್ತಿದ್ದೀರಿ. ಅಕ್ಕನ ನಂಬರೇ ಇರಲಿ, ಇನ್ನು ಮುಂದೆ ನೆನಪಿಸಬೇಡಿ.

ತಮ್ಮ ವಿಶ್ವಾಸಿ, ತಮ್ಮ ದಾಖಲೆಗಳ ಪ್ರಕಾರ ಇನ್ನೂ ಮನುಷ್ಯನೆಂದು ಖಚಿತವಾಗದ,

ಟೈರು ಅಂಗಡಿಯ ಹಿಂದಿನ ಕಾಲು ಮಾಡುವವನು

ವಿ.ಸೂ.: ಈ ಪತ್ರವನ್ನು ತಮ್ಮ ದೂರು ಪೆಟ್ಟಿಗೆಗೇ ಹಾಕಬೇಕೆಂದಿದ್ದೆ, ಅದು ಇನ್ನೂರು ಅಕ್ಷರಕ್ಕಿಂತ ಹೆಚ್ಚಿನ ದುಃಖವನ್ನು ಸ್ವೀಕರಿಸುವುದಿಲ್ಲವಾದ್ದರಿಂದ ಬಹಿರಂಗವಾಗಿ ಬರೆದು ಕತ್ತರಿಯಣ್ಣನ ಅಂಗಡಿಯ ಗೋಡೆಗೆ ಅಂಟಿಸಿದ್ದೇನೆ. ನಿನ್ನೆ ಕ್ಷೌರಕ್ಕೆ ಕೂತವರೊಬ್ಬರು ಇದನ್ನು ಮೊದಲಿನಿಂದ ಕೊನೆಯವರೆಗೂ ಓದಿ, ತಾನು, ಮಾನ್ಯರೇ, ತಮ್ಮದೇ ಕಂಪನಿಯ ಲಾಗಿನ್ ವಿಭಾಗದಲ್ಲಿ ಕೆಲಸ ಮಾಡುವುದಾಗಿ ಹೇಳಿದರಂತೆ. ಮೇಲಿನವರ ಗಮನಕ್ಕೆ ತರಬಹುದೇ ಎಂದು ಕತ್ತರಿಯಣ್ಣ ಕೇಳಿದ್ದಕ್ಕೆ, ಖಂಡಿತ ತರುತ್ತೇನೆ, ಆದರೆ ಎರಡು ವಾರದಿಂದ ನನಗೇ ಒಳಗೆ ಹೋಗಲಾಗುತ್ತಿಲ್ಲ ಎಂದರಂತೆ.